ಅಮ್ಮನಿಗೆ 63. ಗರ್ಭಕಂಠದ ಪರೀಕ್ಷೆಗೆ ಮನೆಯಲ್ಲೇ ಸ್ಯಾಂಪಲ್ ತೆಗೆದರೆ ಸಾಕಾಗುತ್ತದೆಯೇ?

ತೀರ್ಥಹಳ್ಳಿಯ ಮಗಳು

ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಅಮ್ಮ ಇರುವುದು ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ತೋಟದ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆಯಬೇಕಾದ ಮನೆಯಲ್ಲಿ. ವಯಸ್ಸು 63. ಮುಟ್ಟು ನಿಂತು ಹದಿನೈದು ವರ್ಷವಾಯಿತು, ಅಪ್ಪ ಹೋಗಿ ಹನ್ನೆರಡು ವರ್ಷ. ಮೂರು ಹೆರಿಗೆಯೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಇವತ್ತಿನವರೆಗೆ ಯಾವ ಡಾಕ್ಟರೂ ಅವಳಿಗೆ ಒಳಪರೀಕ್ಷೆ ಮಾಡಿಲ್ಲ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ಹೋದ ವರ್ಷ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಗರ್ಭಕಂಠದ ಕ್ಯಾನ್ಸರ್ ಅಂತ ಗೊತ್ತಾಯಿತು. ಗೊತ್ತಾಗುವಾಗಲೇ ಮೂರನೇ ಹಂತ. ಅದಕ್ಕೆ ಮುಂಚೆ ಎಂಟು ತಿಂಗಳು ಆಗಾಗ ರಕ್ತ ಕಾಣಿಸುತ್ತಿತ್ತಂತೆ. ಹಳೆಯ ಹತ್ತಿ ಸೀರೆ ಹರಿದು ಬಟ್ಟೆ ಇಟ್ಟುಕೊಂಡು, ಕತ್ತಲಾದ ಮೇಲೆ ಒಗೆದು, ಕೊಟ್ಟಿಗೆ ಹಿಂದಿನ ತಂತಿಗೆ ಹಾಕಿ, ಬೆಳಗಾಗುವುದರೊಳಗೆ ತೆಗೆದಿಡುತ್ತಿದ್ದಳು. ಒಂದೇ ಮನೆಯಲ್ಲಿದ್ದ ಸೊಸೆಗೂ ಗೊತ್ತಿರಲಿಲ್ಲ. ನಡುವೆ ಒಂದು ಸಲ ಒಬ್ಬರು ಡಾಕ್ಟರ ಹತ್ತಿರ ಹೋಗಿ "ಬಿಳಿ ಹೋಗುತ್ತದೆ" ಅಂತಷ್ಟೇ ಹೇಳಿದ್ದಾಳೆ. ಅವರೂ ನೋಡಲಿಲ್ಲ, ಮಾತ್ರೆ ಬರೆದುಕೊಟ್ಟರು. ಕೊನೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರೇಡಿಯೇಷನ್ ಕೊಡಿಸಿದೆವು. ಈ ಮಳೆಗಾಲದಲ್ಲಿ ಹೋಗಿಬಿಟ್ಟಳು.

ಅಂದಿನಿಂದ ಅಮ್ಮನನ್ನು ಪರೀಕ್ಷೆಗೆ ಕರೆಯುತ್ತಿದ್ದೇನೆ. "ಈ ವಯಸ್ಸಲ್ಲಿ ನಂಗೆಂತಕ್ಕೆ ಅದೆಲ್ಲ? ಆ ಮೇಜಿನ ಮೇಲೆ ಕಾಲು ಅಗಲಿಸಿಕೊಂಡು ಮಲಗೋದಕ್ಕಿಂತ ಹಾಗೇ ಸಾಯ್ತೇನೆ" ಅಂದಳು. ಮಾತಿಗೆ ಅಂದದ್ದಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದಾಳೆ. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಅನ್ನುವ ವೈರಸ್ ಇದೆಯೇ ಅಂತ ನೋಡಲು, ಮನೆಯಲ್ಲೇ ತಾನೇ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುವ ಕಿಟ್ ಬಂದಿದೆ ಅಂತ ಓದಿದೆ. ಅದನ್ನು ನಂಬಬಹುದೇ? ಡಾಕ್ಟರ್ ತೆಗೆದಷ್ಟು ಸರಿಯಾಗಿ ಅಮ್ಮನಿಗೆ ತೆಗೆಯಲು ಬರುತ್ತದೆಯೇ? ಈ ವಯಸ್ಸಿನವರಿಗೆ ಆ ಪರೀಕ್ಷೆ ಬೇಕೇ? ಬಳಸಿದವರು ಇದ್ದರೆ ದಯವಿಟ್ಟು ಹೇಳಿ.

ಮೆಲ್ಬರ್ನ್‌ನಲ್ಲಿರುವ ಹಾಸನದವಳು

ನಿಮ್ಮ ದೊಡ್ಡಮ್ಮನ ವಿಷಯ ಓದಿ ಸಂಕಟವಾಯಿತು. ನನಗೆ 66. ಇಲ್ಲಿಗೆ ಬಂದು ಮೂವತ್ತು ವರ್ಷ. ನಾನೇ ಮಾಡಿಕೊಂಡದ್ದನ್ನು ಹೇಳುತ್ತೇನೆ.

ಇಲ್ಲಿ 25ರಿಂದ 74ರವರೆಗಿನ ಹೆಂಗಸರಿಗೆ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಸರಕಾರದಿಂದಲೇ ಕಾಗದ ಬರುತ್ತದೆ. ಮೊದಲು ಎರಡು ವರ್ಷಕ್ಕೊಮ್ಮೆ ಪ್ಯಾಪ್ ಸ್ಮಿಯರ್ ಇತ್ತು. 2017ರ ಡಿಸೆಂಬರಿನಿಂದ ಅದರ ಬದಲು ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ. 2022ರ ಜುಲೈನಿಂದ ಸ್ಯಾಂಪಲ್ಲನ್ನು ಡಾಕ್ಟರ್ ತೆಗೆಯಬೇಕೋ ನಾವೇ ತೆಗೆದುಕೊಳ್ಳುತ್ತೇವೋ ಎಂದು ಆಯ್ಕೆ ಮಾಡುವ ಹಕ್ಕು ಎಲ್ಲರಿಗೂ ಬಂತು. ಮುಟ್ಟು ನಿಂತ ಮೇಲೆ, ಒಳಗೆ ಅಗಲಿಸಿ ನೋಡಲು ಬಳಸುವ ಸ್ಪೆಕ್ಯುಲಮ್ ಹಾಕಿದಾಗ ನನಗೆ ಕಣ್ಣಲ್ಲಿ ನೀರು ಬರುವಷ್ಟು ನೋವಾಗಿತ್ತು. ಅದಾದ ಮೇಲೆ ಬಂದ ಎರಡು ಕಾಗದಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿಟ್ಟು ಸುಮ್ಮನಿದ್ದೆ. ಹಾಗಾಗಿ ನಿಮ್ಮಮ್ಮ ಅಂದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಕ್ಲಿನಿಕ್ಕಿನಲ್ಲಿ ನರ್ಸ್ ಒಂದು ಕೊಳವೆ ಕೊಟ್ಟು ಪರದೆ ಎಳೆದು ಹೊರಗೆ ಹೋದಳು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ವಲ್ಪ ಉದ್ದ ಮಾಡಿದಂತಿತ್ತು, ತುದಿ ಮೆತ್ತಗೆ. ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು, ಯೋನಿಯೊಳಗೆ ಐದು ಸೆಂಟಿಮೀಟರಿನಷ್ಟು, ಅಂದರೆ ನಡುಬೆರಳಿನ ಎರಡು ಗಿಣ್ಣಿನಷ್ಟು ಒಳಗೆ ಹಾಕಿ, ಇಪ್ಪತ್ತು ಮೂವತ್ತು ಸೆಕೆಂಡು ಮೆಲ್ಲಗೆ ತಿರುಗಿಸಿ, ತೆಗೆದು ಕೊಳವೆಗೆ ಹಾಕಿ ಮುಚ್ಚಿದೆ. ಅಷ್ಟೇ ಕೆಲಸ. ನೋವಾಗಲಿಲ್ಲ, ತುಸು ಒರಟು ಅನ್ನಿಸಿತು.

ಗರ್ಭಕಂಠಕ್ಕೆ ತಾಗಿತೋ ಇಲ್ಲವೋ ಅಂತ ನನಗೂ ಅನುಮಾನವಿತ್ತು. ತಾಗಲೇಬೇಕು ಅಂತಿಲ್ಲ ಅಂತ ನರ್ಸ್ ಬಿಡಿಸಿ ಹೇಳಿದಳು. ಪ್ಯಾಪ್ ಸ್ಮಿಯರಿನಲ್ಲಿ ನೋಡುವುದು ಗರ್ಭಕಂಠದ ಜೀವಕೋಶಗಳ ಆಕಾರವನ್ನು, ಅದಕ್ಕೆ ಅಲ್ಲಿಂದಲೇ ಕೆರೆದು ತೆಗೆಯಬೇಕು. ಇದರಲ್ಲಿ ಹುಡುಕುವುದು ವೈರಸ್ಸನ್ನು. ಅಲ್ಲಿ ವೈರಸ್ ಇದ್ದರೆ ಉದುರಿದ ಕೋಶಗಳ ಜೊತೆ ಅದು ಕೆಳಗೂ ಇಳಿದಿರುತ್ತದೆ. ವೈರಸ್ಸಿನ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಹುಡುಕುವ ಪಿಸಿಆರ್ ವಿಧಾನದಲ್ಲಿ ಲ್ಯಾಬಿನವರು ಮಾಡಿದರೆ ನಾವು ತೆಗೆದದ್ದಕ್ಕೂ ಡಾಕ್ಟರ್ ತೆಗೆದದ್ದಕ್ಕೂ ರೋಗ ಹಿಡಿಯುವುದರಲ್ಲಿ ವ್ಯತ್ಯಾಸವಿಲ್ಲ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದಾರೆ.

ಒಂದು ಮಾತು ಮಾತ್ರ ಅಮ್ಮನಿಗೆ ಮೊದಲೇ ಹೇಳಿಡಿ. ವೈರಸ್ ಸಿಕ್ಕರೆ ಮುಂದಿನದಕ್ಕೆ ಡಾಕ್ಟರ ಹತ್ತಿರ ಹೋಗಲೇಬೇಕು. ಇಲ್ಲಿ ವೈರಸ್ಸಿನ 16 ಅಥವಾ 18ನೇ ಬಗೆ ಬಂದರೆ ನೇರ ಕಾಲ್ಪೋಸ್ಕೋಪಿಗೆ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುವುದಕ್ಕೆ, ಕಳಿಸುತ್ತಾರೆ. ಬೇರೆ ಬಗೆಯಾದರೆ ಮತ್ತೊಮ್ಮೆ ಕರೆಸಿ ಗರ್ಭಕಂಠದಿಂದ ಕೋಶ ತೆಗೆದು ನೋಡುತ್ತಾರೆ, ಯಾಕಂದರೆ ನಾವು ತೆಗೆದ ಸ್ಯಾಂಪಲ್ಲಿನಲ್ಲಿ ಆ ಪರೀಕ್ಷೆ ಆಗುವುದಿಲ್ಲ. ನನಗೆ ವೈರಸ್ ಇಲ್ಲ ಅಂತ ಬಂತು.

ಕಲಬುರಗಿಯ ನಿವೃತ್ತ ಆರೋಗ್ಯ ಸಹಾಯಕಿ

ತಂಗಿ, 34 ವರ್ಷ ಹಳ್ಳಿ ಹಳ್ಳಿ ತಿರುಗಿದವಳು ನಾನು. ಮೆಲ್ಬರ್ನಿನ ಅಕ್ಕ ಹೇಳಿದ್ದೆಲ್ಲ ಖರೆ. ಆದರೆ ಕಿಟ್ ತರಿಸುವುದಕ್ಕಿಂತ ಮೊದಲು ಅಮ್ಮನನ್ನು ಒಂದು ಮಾತು ಕೇಳಲೇಬೇಕು. ಮುಟ್ಟು ನಿಂತ ಮೇಲೆ ಎಂದಾದರೂ ರಕ್ತ ಕಾಣಿಸಿದೆಯೇ? ಒಂದು ಹನಿಯಾದರೂ? ವಾಸನೆಯ ನೀರು ಹೋಗುವುದು, ಕಿಬ್ಬೊಟ್ಟೆ, ಸೊಂಟ ಬಿಡದೆ ನೋಯುವುದು ಇದೆಯೇ? ಇದೆ ಅಂದರೆ ಕಿಟ್ ಬೇಡ. ಅದು ಏನೂ ತೊಂದರೆ ಇಲ್ಲದವರಿಗೆ ಮಾಡುವ ಪರೀಕ್ಷೆ. ರಕ್ತ ಕಂಡವರು ಸೀದಾ ಹೆಂಗಸರ ಡಾಕ್ಟರ ಹತ್ತಿರ ಹೋಗಬೇಕು, ಕಿಟ್ಟಿನಲ್ಲಿ ವೈರಸ್ ಇಲ್ಲ ಅಂತ ಬಂದಿದ್ದರೂ ಹೋಗಬೇಕು. ಗರ್ಭಕೋಶದ ಒಳಪದರದ ಕ್ಯಾನ್ಸರು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಇನ್ನೊಂದು, ಅಮ್ಮನಿಗೆ ಗರ್ಭಕೋಶ ಇದೆ ತಾನೆ? ನಗಬೇಡಿ, ನಮ್ಮ ಕಡೆ ಇದು ಮೊದಲು ಕೇಳುವ ಪ್ರಶ್ನೆ. ಈ ಜಿಲ್ಲೆಯ ತಾಂಡಾಗಳಲ್ಲಿ ಮೂವತ್ತು ಮೂವತ್ತೈದರ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಡದಿದ್ದರೂ ತೆಗೆದದ್ದು 2015ರ ಸುಮಾರಿಗೆ ರಾಜ್ಯಕ್ಕೆಲ್ಲ ಸುದ್ದಿಯಾಗಿತ್ತು. ಆ ಹೆಣ್ಣುಮಕ್ಕಳ ಮನೆಗೆ ನಾನೂ ಹೋಗಿದ್ದೇನೆ. ಬೇರೆ ಕಾರಣಕ್ಕೆ ಗರ್ಭಕಂಠದ ಸಮೇತ ತೆಗೆದಿದ್ದರೆ, ಮೊದಲು ಯಾವ ದೋಷವೂ ಇರದಿದ್ದರೆ, ಈ ಪರೀಕ್ಷೆ ಬೇಕಾಗುವುದಿಲ್ಲ. ಆದರೆ ಕೆಲವರಿಗೆ ಮೇಲಿನದನ್ನಷ್ಟೇ ತೆಗೆದು ಗರ್ಭಕಂಠ ಉಳಿಸಿರುತ್ತಾರೆ. ಡಿಸ್ಚಾರ್ಜ್ ಕಾಗದ ನೋಡದೆ ಹೇಳಲಾಗದು.

ವಯಸ್ಸಿನ ಮಾತಿಗೆ ಬರುತ್ತೇನೆ. ನಮ್ಮ ಉಪಕೇಂದ್ರಗಳಲ್ಲಿ ಮಾಡುವುದು ವಯಾ ಪರೀಕ್ಷೆ. ಸ್ಪೆಕ್ಯುಲಮ್ ಹಾಕಿ, ನೀರು ಬೆರೆಸಿದ ಅಸಿಟಿಕ್ ಆಸಿಡ್ ಹಚ್ಚಿ, ಒಂದು ನಿಮಿಷ ಬಿಟ್ಟು ಬೆಳ್ಳಗಿನ ಕಲೆ ಏಳುತ್ತದೆಯೇ ಅಂತ ಟಾರ್ಚ್ ಬಿಟ್ಟು ನೋಡುವುದು. 2016ರ ಕೇಂದ್ರದ ಮಾರ್ಗಸೂಚಿಯಲ್ಲಿ 30ರಿಂದ 65ರವರೆಗೆ, ಐದು ವರ್ಷಕ್ಕೊಮ್ಮೆ ಅಂತ ಇದೆ. ಆದರೆ ಮುಟ್ಟು ನಿಂತವರಲ್ಲಿ ಗರ್ಭಕಂಠದಲ್ಲಿ ಈ ರೋಗ ಹುಟ್ಟುವ ಅಂಚು ಅದರ ದಾರಿಯೊಳಗೆ ಸರಿದುಬಿಡುತ್ತದೆ. ಎಷ್ಟು ಬಗ್ಗಿ ನೋಡಿದರೂ ಕಣ್ಣಿಗೆ ಬೀಳುವುದಿಲ್ಲ. ಏನೂ ಕಾಣದೆ "ಸರಿ ಇದೆಯವ್ವಾ" ಅಂತ ಬರೆದು ಕಳಿಸುವಾಗ ನನ್ನ ಕೈ ಎಷ್ಟೋ ಸಲ ತಡೆದದ್ದುಂಟು. ಆ ವಯಸ್ಸಿಗೆ ಎಚ್‌ಪಿವಿ ಪರೀಕ್ಷೆಯೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲೂ ಮೊದಲ ಆದ್ಯತೆ 30ರಿಂದ 49ರವರಿಗೆ ಇದ್ದರೂ, ಚಿಕಿತ್ಸೆಯ ಅನುಕೂಲ ಇರುವಲ್ಲಿ 50ರಿಂದ 65ರವರೆಗೆ ಒಮ್ಮೆಯೂ ಮಾಡಿಸದವರನ್ನೂ ಬಿಡಬೇಡಿ ಅಂತ ಹೇಳಿದ್ದಾರೆ. ನಿಮ್ಮಮ್ಮ ಅದರಲ್ಲೇ ಬಂದರು. ಈಗ ವೈರಸ್ ಇಲ್ಲ ಅಂತ ಬಂದರೆ ಐದು ವರ್ಷ ಬಿಟ್ಟು ಇನ್ನೊಂದು ಸಲ ಮಾಡಿಸಿ.

ಎಚ್‌ಪಿವಿ ಪರೀಕ್ಷೆಯ ಮಹತ್ವ ನಮ್ಮ ಮಗ್ಗುಲಲ್ಲೇ ಗೊತ್ತಾದದ್ದು. ಕಲಬುರಗಿ ದಾಟಿದರೆ ಸಿಗುವ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯಲ್ಲಿ 30ರಿಂದ 59ರ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಮೀರಿದ ಹೆಂಗಸರನ್ನು ಸೇರಿಸಿ ಎಂಟು ವರ್ಷ ಅಧ್ಯಯನ ಮಾಡಿದರು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಸಿಕ್ಕವರಿಗೆ ಚಿಕಿತ್ಸೆ ಕೊಟ್ಟ ಊರುಗಳಲ್ಲಿ ಈ ಕ್ಯಾನ್ಸರಿನ ಸಾವು ಅರ್ಧಕ್ಕೆ ಇಳಿದಿತ್ತು. ಅದು ಪ್ರಕಟವಾದದ್ದು 2009ರಲ್ಲಿ. ಅಲ್ಲಿ ಸ್ಯಾಂಪಲ್ ತೆಗೆದವರು ನಮ್ಮಂಥ ಆರೋಗ್ಯ ಕಾರ್ಯಕರ್ತೆಯರು. ಅದಾಗಿ ಹತ್ತು ವರ್ಷದ ಮೇಲೆ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಒಂದೇ ವರ್ಷದಲ್ಲಿ, 2022ರಲ್ಲಿ, ಎಂಬತ್ತು ಸಾವಿರದ ಹತ್ತಿರ ಹೆಂಗಸರು ಈ ಕಾಯಿಲೆಯಿಂದ ಸತ್ತರು ಅಂತ ಅಂದಾಜು. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಿಟ್ಟು ಬರುತ್ತದೆ ತಂಗಿ. ಸಂಕೋಚ ಅಂತ ಹೆಂಗಸರ ತಲೆಗೇ ತಪ್ಪು ಕಟ್ಟುತ್ತೇವೆ. ಪರದೆ ಇಲ್ಲದ ಕೋಣೆಯಲ್ಲಿ, ಬಾಗಿಲು ಅರ್ಧ ತೆರೆದಿಟ್ಟ ಕ್ಯಾಂಪಿನಲ್ಲಿ ಮಲಗು ಅಂದರೆ ಯಾವ ಅವ್ವ ಮಲಗುತ್ತಾಳೆ? ಕಡ್ಡಿ ಅವಳ ಕೈಗೆ ಕೊಟ್ಟರೆ ಬಚ್ಚಲಿಗೆ ಹೋಗಿ ಮಾಡಿಕೊಂಡು ಬರುತ್ತಾಳೆ.

ಲ್ಯಾಬಿನವರಿಗೆ ದುಡ್ಡು ಕೊಡುವ ಮೊದಲು ಕೇಳಿಕೊಳ್ಳಿ: ಪಿಸಿಆರ್ ಪರೀಕ್ಷೆಯೇ? ಸ್ವತಃ ತೆಗೆದ ಸ್ಯಾಂಪಲ್ಲಿಗೆ ಅದು ಒಪ್ಪಿತವೇ? 16 ಮತ್ತು 18 ಅನ್ನು ಬೇರೆ ಬೇರೆಯಾಗಿ ಹೇಳುತ್ತಾರೆಯೇ? ನೂರು ಗರ್ಭಕಂಠದ ಕ್ಯಾನ್ಸರಿನಲ್ಲಿ ಎಪ್ಪತ್ತಕ್ಕೆ ಆ ಎರಡೇ ಕಾರಣ. ವೈರಸ್ ಸಿಕ್ಕರೆ ಯಾವ ಡಾಕ್ಟರಿಗೆ ತೋರಿಸುವುದು ಅಂತ ಇವತ್ತೇ ಗೊತ್ತುಮಾಡಿ ಇಟ್ಟುಕೊಳ್ಳಿ. ಸ್ಯಾಂಪಲ್ ತೆಗೆಯುವ ಮುಂಚೆ ಕ್ರೀಮು, ಎಣ್ಣೆ ಹಚ್ಚಬಾರದು ಅಂತಲೂ ಅಮ್ಮನಿಗೆ ಹೇಳಿ. ನಮ್ಮ ಹಿರಿಯರಿಗೆ ಒಣಗಿದ ಕಡೆಗೆಲ್ಲ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇರುತ್ತದೆ.

ತೀರ್ಥಹಳ್ಳಿಯ ಮಗಳು

ಇಬ್ಬರಿಗೂ ಕೈ ಮುಗಿಯುತ್ತೇನೆ. ರಾತ್ರಿ ಫೋನಿನಲ್ಲಿ ಅಮ್ಮನನ್ನು ಕೇಳಿದೆ. ರಕ್ತ ಕಂಡಿಲ್ಲ, ಆಪರೇಷನ್ನೂ ಆಗಿಲ್ಲ. ಆದರೆ ಈ ವೈರಸ್ ಹೇಗೆ ಬರುತ್ತದೆ ಅಂತ ಅಮ್ಮ ಕೇಳಿದಳು, ನನಗೆ ಮಾತು ಹೊರಡಲಿಲ್ಲ. ಗಂಡ ಹೆಂಡಿರ ಸಂಬಂಧದಿಂದ ಬರುವಂಥದ್ದು ಅಂದರೆ, ನಾಳೆ ಪಾಸಿಟಿವ್ ಬಂದರೆ, ಅಪ್ಪನ ಬಗ್ಗೆ ಏನು ಯೋಚಿಸುತ್ತಾಳೋ, ತನ್ನ ಬಗ್ಗೆ ಜನ ಏನು ಅಂದುಕೊಳ್ಳುತ್ತಾರೆ ಅಂತ ಯೋಚಿಸುತ್ತಾಳೋ ಅಂತ ಭಯವಾಯಿತು. ಇದನ್ನು ಹೇಗೆ ಹೇಳುವುದು?

ಮೈಸೂರಿನಿಂದ

ಇದಕ್ಕೆ ನಾನು ಉತ್ತರ ಕೊಡಬಲ್ಲೆ, ಯಾಕೆಂದರೆ ನನಗೆ 59ಕ್ಕೆ ಪಾಸಿಟಿವ್ ಬಂತು. 16ನೇ ಬಗೆ. ಆಗ ನನ್ನ ಯಜಮಾನರು ಹೋಗಿ ಒಂಬತ್ತು ವರ್ಷವಾಗಿತ್ತು. ವರದಿ ಓದಿದ ದಿನ ಅವರ ಫೋಟೋ ಮುಂದೆ ದೀಪ ಹಚ್ಚಲು ಹೋಗಿ ಹಾಗೇ ನಿಂತುಬಿಟ್ಟೆ. ಯಾವ ಯೋಚನೆ ಬರಬಾರದೋ ಅದೇ ಬಂತು.

ನನ್ನ ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಅಮ್ಮನಿಗೆ ಓದಿ ಹೇಳಿ. ಮದುವೆಯಾಗಿ ಸಂಸಾರ ಮಾಡಿದ ಬಹುಪಾಲು ಹೆಂಗಸರ, ಗಂಡಸರ ಮೈಗೆ ಈ ವೈರಸ್ ಬದುಕಿನಲ್ಲಿ ಒಮ್ಮೆಯಾದರೂ ಬಂದು ಹೋಗಿರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನೇ ಹೋಗುತ್ತದೆ. ಕೆಲವರಲ್ಲಿ ಸದ್ದಿಲ್ಲದೆ ಹತ್ತಾರು ವರ್ಷ ಅಡಗಿದ್ದು, ವಯಸ್ಸಾಗಿ ಮೈಯ ಶಕ್ತಿ ಕುಗ್ಗಿದಾಗ ಮತ್ತೆ ಕಾಣಿಸಿಕೊಳ್ಳಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಲ್ಯಾಬೂ ಹೇಳಲಾರದು. "ಇದು ನಿಮ್ಮ ನಡತೆಯ ವರದಿಯಲ್ಲ, ಗರ್ಭಕಂಠದ ವರದಿ" ಅಂದರು. ಆ ಮಾತಿಗೆ ನಾನು ಅಲ್ಲೇ ಅತ್ತೆ.

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ ಅನ್ನುವುದೂ ಅಷ್ಟೇ ಮುಖ್ಯ. ನನಗೆ ಮೊದಲು ಮೂರು ವಾರ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಟ್ಟರು. ಒಣಗಿದ ಚರ್ಮ ಮೆತ್ತಗಾಗಿ ಕಾಲ್ಪೋಸ್ಕೋಪಿಯಲ್ಲಿ ನೋವು ಕಡಿಮೆಯಾಗುತ್ತದೆ, ಅವರಿಗೂ ಸ್ಪಷ್ಟವಾಗಿ ಕಾಣುತ್ತದೆ ಅಂತ. ನಿಜಕ್ಕೂ ಸಹಿಸುವಂತಿತ್ತು. ಚೂರು ತುಣುಕು ತೆಗೆದು ಮಾಡಿದ ಬಯಾಪ್ಸಿಯಲ್ಲಿ ಕ್ಯಾನ್ಸರಿಗೆ ಮೊದಲಿನ ಹಂತ ಅಂತ ಬಂತು. ಲೀಪ್ ಅಂತ ತಂತಿಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದರು. ಬೆಳಿಗ್ಗೆ ಹೋದವಳು ಸಂಜೆ ಮನೆಗೆ ಬಂದು ಅನ್ನ ಸಾರು ಉಂಡೆ. ಆಮೇಲೆ ಮಾಡಿಸಿದ ಎರಡು ಪರೀಕ್ಷೆಯಲ್ಲೂ ವೈರಸ್ ಇಲ್ಲ. ಇನ್ನೂ ಬಹಳ ವರ್ಷ ಆಗಾಗ ತೋರಿಸುತ್ತಿರಬೇಕು ಅಂದಿದ್ದಾರೆ, ತೋರಿಸುತ್ತೇನೆ. ನಿಮ್ಮ ದೊಡ್ಡಮ್ಮನಿಗೂ ಇದು ಈ ಹಂತದಲ್ಲಿ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಅಂತ ಓದುವಾಗೆಲ್ಲ ಅನ್ನಿಸುತ್ತಿತ್ತು.

ತೀರ್ಥಹಳ್ಳಿಯ ಮಗಳು

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮೈಸೂರಿನ ಅಕ್ಕನ ಮಾತನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೆಂಗಸು ಈಗ ಚೆನ್ನಾಗಿದಾಳಾ?" ಅಂತ ಕೇಳಿದಳು. ಇದ್ದಾರೆ ಅಂದೆ. "ಹಾಗಾದ್ರೆ ತಗೊಂಡು ಬಾ" ಅಂದಳು.

ಶನಿವಾರ ಕಿಟ್ ಹಿಡಿದು ಊರಿಗೆ ಹೋದೆ. ಒಳಗಿದ್ದ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ, ಹಲಗೆ ಮೇಲೆ ಬರೆಯುವಷ್ಟು ದೊಡ್ಡ ಅಕ್ಷರದಲ್ಲಿ, ಒಂದು ಹಾಳೆಗೆ ಬರೆದುಕೊಟ್ಟೆ. ಮೊಣಕಾಲು ನೋವಿನವಳಾದ್ದರಿಂದ ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ. ಬಚ್ಚಲ ಹಂಡೆಯ ಪಕ್ಕ ಮಣೆ ಇಟ್ಟು, ಅದರ ಮೇಲೆ ಒಂದು ಕಾಲಿಡಲು ಹೇಳಿದೆ. ಕನ್ನಡಕ ಹಾಕಿಕೊಂಡು, ಹಾಳೆ ಹಿಡಿದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ನಾನು ಹೊರಗೆ ಸೌದೆ ರಾಶಿಯ ಹತ್ತಿರ ನಿಂತಿದ್ದೆ. ಬಾಗಿಲು ತೆಗೆದಾಗ ಕೊಳವೆಯ ಮುಚ್ಚಳ ಬಿಗಿಯಾಗಿತ್ತು, ಹಾಳೆಯ ಒಂದು ಮೂಲೆ ಒದ್ದೆ. "ಮೂವತ್ತು ಎಣಿಸು ಅಂತ ಬರೆದಿದ್ದೆ, ನಾನು ಐವತ್ತು ಎಣಿಸಿದೆ, ಏನೂ ಆಗಲ್ಲ ತಾನೆ?" ಅಂದಳು. ಕೊಳವೆಯ ಮೇಲೆ ಹೆಸರು, ವಯಸ್ಸು, ತಾರೀಕು ಬರೆಯುವುದನ್ನು ನಾನೇ ಮರೆತಿದ್ದೆ, ಅವಳೇ ನೆನಪಿಸಿದಳು. ನಮ್ಮ ಮನೆಗೆ ಕೊರಿಯರ್‌ನವರು ಬರುವುದಿಲ್ಲ, ಭಾನುವಾರ ಶಿವಮೊಗ್ಗಕ್ಕೆ ನಾನೇ ತಂದು ಸೋಮವಾರ ಕಳಿಸಿದೆ. ಒಂಬತ್ತನೇ ದಿನ ವರದಿ ಬಂತು, ವೈರಸ್ ಇಲ್ಲ.

ಬರೆಯಬೇಕು ಅಂದುಕೊಂಡದ್ದು ಇನ್ನೊಂದಿದೆ. ಈಗ ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ. ರಾತ್ರಿ ಅಂಗಳದಲ್ಲಿ ಆರೇಳು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಅಮ್ಮ ಅವರೆಲ್ಲರಿಗೂ ಹೇಳಿಬಿಟ್ಟಿದ್ದಾಳೆ. ಕಡ್ಡಿ ಎಷ್ಟುದ್ದ ಅಂತ ಅಡಿಕೆ ಸಿಪ್ಪೆ ಹಿಡಿದು ತೋರಿಸಿದಳಂತೆ. ಅಕ್ಕ ಸತ್ತಾಗ ಕಾಯಿಲೆಯ ಹೆಸರು ಹೇಳಲೂ ಬಿಡದ ನನ್ನ ಅಮ್ಮ ಇವಳೇ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬರು ಹಿಂದೆ ಉಳಿದು, ದೀಪಾವಳಿಯಿಂದ ಎರಡು ಸಲ ಕೆಂಪು ಕಂಡಿದೆ, ನನಗೂ ಆ ಕಡ್ಡಿ ತರಿಸಿಕೊಡುತ್ತೀರಾ ಅಂತ ಕೇಳಿದರಂತೆ. ಅವರಿಗೆ 57. ಕಲಬುರಗಿಯ ಅಕ್ಕ ಹೇಳಿದ್ದು ಅಮ್ಮನಿಗೆ ನೆನಪಿತ್ತು. "ನಿಂಗೆ ಕಡ್ಡಿ ಬೇಡ, ಡಾಕ್ಟರ್ ಬೇಕು" ಅಂದಿದ್ದಾಳೆ.

ಮಂಗಳವಾರ ಬೆಳಿಗ್ಗೆ ಏಳರ ಬಸ್ಸಿಗೆ ಇಬ್ಬರೂ ಬರುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾನು ಶಾಲೆಗೆ ರಜೆ ಹಾಕಿದ್ದೇನೆ. ಒಳಪರೀಕ್ಷೆ ಮಾಡುವಾಗ ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಲ್ಲುತ್ತೇನೆ ಅಂತ ಅಮ್ಮ ಮಾತು ಕೊಟ್ಟಿದ್ದಾಳೆ. ಒಳಗೆ ಜೊತೆಗೊಬ್ಬರನ್ನು ಬಿಡುತ್ತಾರಾ, ಗೊತ್ತಿದ್ದವರು ಇವತ್ತೇ ತಿಳಿಸಿ.

ಕಲಬುರಗಿಯ ನಿವೃತ್ತ ಆರೋಗ್ಯ ಸಹಾಯಕಿ

ಕೇಳಿದರೆ ಬಿಡುತ್ತಾರೆ ತಂಗಿ. ಒಳಗೆ ಹೋಗುವ ಮುಂಚೆಯೇ ಅಲ್ಲಿನ ಸಿಸ್ಟರ್‌ಗೆ ಹೇಳಿಡಿ, ಬೇಡ ಅಂದರೆ ಇನ್ನೊಮ್ಮೆ ಕೇಳಿ. ಅವರಿಗೆ ಸಡಿಲವಾದ ಸೀರೆ ಉಡಿಸಿಕೊಂಡು ಬನ್ನಿ. ಕೆಂಪು ಕಂಡ ತಾರೀಕು ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ, ಬಿಪಿ, ಸಕ್ಕರೆ ಮಾತ್ರೆ ಏನಿದ್ದರೂ ಜೊತೆಗೆ ತನ್ನಿ. ಬುಧವಾರ ಬರೆಯಿರಿ, ಕಾಯುತ್ತಿರುತ್ತೇನೆ.